ಪತ್ರಿಕೆ, ಟಿವಿ, ಕೇಬಲ್ ಯಾರ ಕೈಯಲ್ಲಿರಬೇಕು? ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಒಂದು ಊರಿನ, ಒಂದು ರಾಜ್ಯದ ಪತ್ರಿಕೆ, ವಾಹಿನಿ, ರೇಡಿಯೊ, ಕೇಬಲ್ ಎಷ್ಟು ಜನರ ಕೈಯಲ್ಲಿರಬೇಕು ಎಂದು ನಿಯಮ ಮಾಡುವಾಗ ಓದುವವರು, ನೋಡುವವರು ತಮ್ಮ ಮಾತು ಸೇರಿಸುವುದು ಹೇಗೆ? ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮಾಧ್ಯಮ ಮಾಲೀಕತ್ವದ ಬಗ್ಗೆ ಸರ್ಕಾರ ಜನರ ಅಭಿಪ್ರಾಯ ಕೇಳುತ್ತದಂತೆ. ಕೇಳುವವರು ಯಾರು? ನಮ್ಮಂಥವರು ಬರೆದದ್ದನ್ನು ನಿಜವಾಗಿ ಓದುತ್ತಾರಾ? – ಓದುಗರು, ಶಿವಮೊಗ್ಗ

ಕೇಳುವುದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಟ್ರಾಯ್. ಫೋನ್ ದರ ನೋಡಿಕೊಳ್ಳುವವರಿಗೂ ಟಿವಿಗೂ ಏನು ನಂಟು ಅನ್ನಿಸಬಹುದು. 2004ರ ಜನವರಿಯಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಯನ್ನೂ ಅದರ ವ್ಯಾಪ್ತಿಗೆ ತಂದರು. ಮಾಲೀಕತ್ವದ ಬಗ್ಗೆ ಅದು 2009ರ ಫೆಬ್ರುವರಿಯಲ್ಲಿ ಒಮ್ಮೆ, 2014ರ ಆಗಸ್ಟ್ 12ರಂದು ಇನ್ನೊಮ್ಮೆ ಶಿಫಾರಸು ಕೊಟ್ಟಿತು. 2022ರ ಏಪ್ರಿಲ್ 12ರಂದು ಅದೇ ವಿಷಯಕ್ಕೆ ಮತ್ತೆ ಸಮಾಲೋಚನಾ ಪತ್ರ, ಅಂದರೆ ಜನರ ಅಭಿಪ್ರಾಯ ಕೇಳುವ ಪ್ರಶ್ನೆಗಳ ದಾಖಲೆ, ಹೊರಡಿಸಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಚಾನೆಲ್ ದರ, ಕೇಬಲ್ ಕಂಪನಿ ಮತ್ತು ವಾಹಿನಿಗಳ ನಡುವಿನ ಒಪ್ಪಂದದಂಥ ವಿಷಯದಲ್ಲಿ ಟ್ರಾಯ್ ಮಾಡಿದ್ದೇ ನಿಯಮ. ಮಾಲೀಕತ್ವದ ವಿಷಯದಲ್ಲಿ ಅದು ಕೊಡುವುದು ಬರೀ ಶಿಫಾರಸು. ಒಪ್ಪುವುದು ಬಿಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಸೇರಿದ್ದು. ಹೀಗಾಗಿ ಒಂದೇ ಕಂಪನಿ ಒಂದೇ ರಾಜ್ಯದಲ್ಲಿ ದೊಡ್ಡ ದಿನಪತ್ರಿಕೆ ಮತ್ತು ದೊಡ್ಡ ಸುದ್ದಿವಾಹಿನಿ ಎರಡನ್ನೂ ನಡೆಸಬಾರದು ಎನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಇರುವುದು ತುಂಡು ತುಂಡು ನಿಯಮ. ಡಿಟಿಎಚ್ ಕಂಪನಿಯಲ್ಲಿ ವಾಹಿನಿ ಮತ್ತು ಕೇಬಲ್ ಕಂಪನಿಗಳ ಪಾಲು ಶೇ 20 ಮೀರಬಾರದು ಎಂದು 2001ರ ಮಾರ್ಗಸೂಚಿ ಹೇಳಿತು. ಎಫ್‌ಎಂ ಮೂರನೇ ಹಂತದ ನೀತಿಯಲ್ಲಿ ಒಂದು ನಗರದ ಕೇಂದ್ರಗಳಲ್ಲಿ ಶೇ 40ಕ್ಕಿಂತ ಹೆಚ್ಚು ಒಬ್ಬರ ಬಳಿ ಇರಬಾರದು ಎಂಬ ಮಿತಿ ಬಂತು, ಜೊತೆಗೆ ದೇಶದ ಒಟ್ಟು ಕೇಂದ್ರಗಳಲ್ಲಿ ಶೇ 15ರ ಮಿತಿಯೂ ಇತ್ತು. 2022ರ ಅಕ್ಟೋಬರ್‌ನಲ್ಲಿ ಆ ಶೇ 15ರ ಮಿತಿಯನ್ನು ತೆಗೆದುಹಾಕುವ ತೀರ್ಮಾನವಾಯಿತು. ಊರಲ್ಲಿ ಎಷ್ಟು ಮಂದಿಗೆ ಅದು ಗೊತ್ತಾಯಿತು ಹೇಳಿ?

ಓದುತ್ತಾರಾ ಎಂದಿರಿ. ಟ್ರಾಯ್ ಕಾಯ್ದೆಯ 11(4)ನೇ ಕಲಮು ಪಾರದರ್ಶಕವಾಗಿ ಕೆಲಸ ಮಾಡಬೇಕೆಂದು ಪ್ರಾಧಿಕಾರವನ್ನು ಕಟ್ಟಿಹಾಕಿದೆ. ಕರೆ ಕಡಿತಕ್ಕೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು ಟ್ರಾಯ್ ಮಾಡಿದ್ದ ನಿಯಮವನ್ನು 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ, ಬಂದ ಆಕ್ಷೇಪಗಳಿಗೆ ತರ್ಕಬದ್ಧ ಉತ್ತರ ಕೊಡಲಿಲ್ಲ ಎನ್ನುವುದೂ ಒಂದು ಕಾರಣವಾಗಿತ್ತು. ಆ ತೀರ್ಪು ಕಂಪನಿಗಳ ಪರ ಬಂದದ್ದು, ಗ್ರಾಹಕರಿಗೆ ನಷ್ಟವೇ ಆಯಿತು. ಆದರೆ ಅಲ್ಲಿ ಹೇಳಿದ ಮಾತು ನಿಮ್ಮ ಪತ್ರಕ್ಕೂ ಅನ್ವಯಿಸುತ್ತದೆ. ಶಿಫಾರಸಿನ ಕಡತ ತೆರೆದರೆ ಪ್ರತಿ ಅಧ್ಯಾಯದಲ್ಲೂ ಕೆಲವು ಭಾಗೀದಾರರು ಹೀಗೆಂದರು, ಇನ್ನು ಕೆಲವರು ಹಾಗೆಂದರು ಎಂಬ ಸಾಲುಗಳಿರುತ್ತವೆ. ನಿಮ್ಮ ವಾದ ಅಲ್ಲಿ ಹೆಸರಿಲ್ಲದೆ ಕೂತಿರುತ್ತದೆ. ಅಲ್ಲಿಗೆ ಹೋಗಿ ಕೂರುವಂತೆ ಬರೆಯುವುದೇ ಕೆಲಸ.

ಬರೆಯುವ ಕ್ರಮ ಹೇಗೆ? ಇಂಗ್ಲಿಷ್ ಅಷ್ಟಾಗಿ ಬಾರದು. – ಓದುಗರು, ಗದಗ

ಟ್ರಾಯ್ ಜಾಲತಾಣದಲ್ಲಿ ಸಮಾಲೋಚನಾ ಪತ್ರಗಳ ಪಟ್ಟಿ ಇರುತ್ತದೆ. ಪತ್ರ ದಪ್ಪಗಿದ್ದರೆ ಹೆದರಬೇಡಿ, ಹಿಂದಿನಿಂದ ಓದಿ. ಕೊನೆಯ ಭಾಗದಲ್ಲಿ ಪ್ರಶ್ನೆಗಳನ್ನೆಲ್ಲ ಸಂಖ್ಯೆ ಹಾಕಿ ಒಟ್ಟಿಗೆ ಕೊಟ್ಟಿರುತ್ತಾರೆ. ಅವುಗಳಲ್ಲಿ ನಿಮಗೆ ಗೊತ್ತಿರುವ ಎರಡೋ ಮೂರೋ ಪ್ರಶ್ನೆ ಆರಿಸಿ, ಅವುಗಳಿಗೆ ಸಂಬಂಧಪಟ್ಟ ಪುಟಗಳನ್ನಷ್ಟೇ ಓದಿ. ಎಲ್ಲ ಪ್ರಶ್ನೆಗೂ ಉತ್ತರಿಸಬೇಕೆಂಬ ನಿಯಮವಿಲ್ಲ.

ಅಭಿಪ್ರಾಯಕ್ಕೆ ಸಾಮಾನ್ಯವಾಗಿ ನಾಲ್ಕು ವಾರ, ಬೇರೆಯವರ ಅಭಿಪ್ರಾಯಕ್ಕೆ ಪ್ರತಿ-ಅಭಿಪ್ರಾಯ ಕೊಡಲು ಇನ್ನೆರಡು ವಾರ. ಗಡುವು ಮುಂದೆ ಹೋಗುವುದು ಮಾಮೂಲು, ಅದನ್ನೇ ನಂಬಿ ಕೂರಬೇಡಿ. ಯಾವ ಸಲಹೆಗಾರರಿಗೆ, ಯಾವ ಇಮೇಲ್‌ಗೆ ಕಳಿಸಬೇಕು ಎನ್ನುವುದು ಆ ಪತ್ರದಲ್ಲೇ ಅಚ್ಚಾಗಿರುತ್ತದೆ. ಸಾಮಾನ್ಯ ದೂರಿನ ವಿಳಾಸಕ್ಕೆ ಹಾಕಿದರೆ ಅದು ನಿಮ್ಮ ಸಿಮ್‌ನ ದೂರುಗಳ ರಾಶಿಗೆ ಬೀಳುವ ಸಾಧ್ಯತೆ ಉಂಟು.

ಒಂದೊಂದು ಉತ್ತರವೂ ಹೀಗಿರಲಿ: ಪ್ರಶ್ನೆಯ ಸಂಖ್ಯೆ, ಒಂದೇ ವಾಕ್ಯದಲ್ಲಿ ನಿಮ್ಮ ನಿಲುವು, ಅದಕ್ಕೆ ಕಾರಣ, ನಿಮ್ಮೂರಿನ ಸಾಕ್ಷ್ಯ, ಕೊನೆಗೆ ನಿಯಮದಲ್ಲಿ ಯಾವ ಸಾಲು ಬರಬೇಕು ಎನ್ನುವುದು. ಮಾದರಿಗೆ:

"ಪ್ರಶ್ನೆ ಇಂಥದ್ದಕ್ಕೆ ಉತ್ತರ. ಮಾರುಕಟ್ಟೆ ಎಂದರೆ ಇಡೀ ರಾಜ್ಯ ಎಂದು ಹಿಡಿಯಬಾರದು, ಜಿಲ್ಲೆಯನ್ನೂ ನೋಡಬೇಕು. ನಮ್ಮ ತಾಲ್ಲೂಕು ಕೇಂದ್ರದ ಎರಡು ವಾರ್ಡ್‌ಗಳಲ್ಲಿ ಪ್ರತಿ ಐದನೇ ಮನೆಯಂತೆ 60 ಮನೆ ಕೇಳಿದೆವು. ಕೇಬಲ್ ಇರುವ ಮನೆ ಇಷ್ಟು, ಅವುಗಳಲ್ಲಿ ಒಂದೇ ಎಂಎಸ್‌ಒದಿಂದ (ಊರಿನ ಆಪರೇಟರ್‌ಗಳಿಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಕಂಪನಿಯಿಂದ) ಸಿಗ್ನಲ್ ಬರುವುದು ಇಷ್ಟು. ಊರಿನ ಸುದ್ದಿ ಕೊಡುವ ಲೋಕಲ್ ಚಾನೆಲ್ ಅದೇ ಮಾಲೀಕರದ್ದು. ಆದ್ದರಿಂದ ನಿಯಮದಲ್ಲಿ 'ರಾಜ್ಯ' ಎಂಬುದರ ಜೊತೆಗೆ 'ಜಿಲ್ಲೆ' ಎಂದು ಸೇರಿಸಬೇಕು."

ಮನೆಗಳ ಲೆಕ್ಕ ತೆಗೆಯುವಾಗ ಆಗುವ ತಪ್ಪು ಒಂದೇ: ಗುರುತಿನವರ ಮನೆಗಳಿಗಷ್ಟೇ ಹೋಗುವುದು. ಹಾಗೆ ಮಾಡಿದರೆ ಪ್ರತಿ-ಅಭಿಪ್ರಾಯದಲ್ಲಿ ಕಂಪನಿಯ ವಕೀಲರು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಮನೆ ಆರಿಸಿದ ಕ್ರಮ, ಕೇಳಿದ ದಿನಾಂಕ, ಬಾಗಿಲು ತೆರೆಯದ ಮನೆಗಳ ಸಂಖ್ಯೆ ಮೂರನ್ನೂ ಬರೆಯಿರಿ. ಮನೆಯವರ ಹೆಸರು ಬೇಡ. ಪತ್ರಿಕೆಯ ಲೆಕ್ಕ ಬೇಕಿದ್ದರೆ ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಬಂಡಲ್ ಬಿಚ್ಚುವ ಏಜೆಂಟರನ್ನು ಕೇಳಿ. ಯಾವ ಪತ್ರಿಕೆ ಎಷ್ಟು ಬರುತ್ತದೆ, ಎಷ್ಟು ವಾಪಸ್ ಹೋಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಭಾರತೀಯ ಓದುಗರ ಸಮೀಕ್ಷೆ 2019ರ ನಂತರ ವರ್ಷಗಟ್ಟಲೆ ಬರಲಿಲ್ಲ. ಸುದ್ದಿವಾಹಿನಿಗಳ ರೇಟಿಂಗ್ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನಿಂತಿತ್ತು. ದೊಡ್ಡ ಲೆಕ್ಕ ಇಲ್ಲದ ಕಡೆ ಚಿಕ್ಕ ಲೆಕ್ಕಕ್ಕೂ ಬೆಲೆ ಬರುತ್ತದೆ.

ಭಾಷೆಯ ವಿಷಯ. ಕನ್ನಡದಲ್ಲೇ ಬರೆಯಿರಿ, ಮೇಲೆ ಅರ್ಧ ಪುಟದ ಇಂಗ್ಲಿಷ್ ಸಾರಾಂಶ ಇರಲಿ. ಆ ಅರ್ಧ ಪುಟವನ್ನು ಊರಿನ ಕಾಲೇಜು ಮೇಷ್ಟರು ಮಾಡಿಕೊಟ್ಟಾರು. ಮುಖ್ಯವಾಗಿ, ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ವರ್ಡ್ ಕಡತ ಕಳಿಸಬೇಡಿ. ದೆಹಲಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ನಿಮ್ಮ ಇಡೀ ವಾದ ರೋಮನ್ ಅಕ್ಷರ, ಅಲ್ಪವಿರಾಮ, ಡಾಲರ್ ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸುವುದಾದರೆ 'ಯೂನಿಕೋಡ್‌ನಲ್ಲೇ ಬೇಕು' ಎಂದು ಮೊದಲೇ ಹೇಳಿ. ಪಿಡಿಎಫ್ ಮಾಡಿದ ಮೇಲೆ ಅದರೊಳಗಿನ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ.

ನಮ್ಮ ಸಂಘದಿಂದ ಒಂದೇ ಪತ್ರವನ್ನು ಐದು ಸಾವಿರ ಜನರ ಸಹಿ ಹಾಕಿಸಿ ಕಳಿಸುವ ಯೋಚನೆ ಇದೆ. – ಓದುಗರು, ಮೈಸೂರು

ಸಹಿಗೆ ತಿರುಗುವ ಹೊತ್ತನ್ನು ಐವತ್ತು ಬೇರೆ ಬೇರೆ ಪತ್ರ ಬರೆಸಲು ಬಳಸಿ. 2015ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ ಡೇಟಾಗೆ ಬೇರೆ ಬೇರೆ ದರ ಇರಬಹುದೇ ಎಂದು ಟ್ರಾಯ್ ಕೇಳಿದಾಗ ಫೇಸ್‌ಬುಕ್, ಕೆಲವೇ ತಾಣಗಳನ್ನು ಉಚಿತವಾಗಿ ತೋರಿಸುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಒಂದೇ ಅಚ್ಚಿನ ಪತ್ರಗಳನ್ನು ರಾಶಿ ರಾಶಿ ಕಳಿಸಿತು. ಟ್ರಾಯ್ ಕೇಳಿದ್ದು ನಾಲ್ಕು ಪ್ರಶ್ನೆ. ಆ ಪತ್ರಗಳು ಆ ನಾಲ್ಕಕ್ಕೂ ಉತ್ತರಿಸಿರಲಿಲ್ಲ, ಫ್ರೀ ಬೇಸಿಕ್ಸ್ ಒಳ್ಳೆಯದು ಎಂದಷ್ಟೇ ಹೇಳಿದ್ದವು. ಸಮಾಲೋಚನೆಯನ್ನು ತಲೆ ಎಣಿಸುವ ಮತದಾನ ಮಾಡಿಬಿಟ್ಟಿರಿ ಎಂದು ಟ್ರಾಯ್ ಆ ಕಂಪನಿಗೆ ಖಾರವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ ಅವರಿಗೆ ವಿರುದ್ಧವಾಗಿತ್ತು.

ಹಾಗೆಂದು ಸಂಖ್ಯೆಗೆ ಬೆಲೆಯೇ ಇಲ್ಲ ಎಂದಲ್ಲ. ಅದಕ್ಕೂ ಮೊದಲು, 2015ರ ಏಪ್ರಿಲ್‌ನಲ್ಲಿ, ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಿನಲ್ಲಿ ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕು ಎನ್ನುವ ತತ್ವ) ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದಾಗ ಸಂಸತ್ತಿನಲ್ಲೂ ಸದ್ದಾಯಿತು. ಅಲ್ಲೂ ಸಿದ್ಧ ಪತ್ರ ಇತ್ತು, ಆದರೆ ಅದು ಟ್ರಾಯ್‌ನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿತ್ತು. ನಿಮ್ಮ ಸಂಘದಲ್ಲಿ ಪತ್ರಿಕೆ ಹಂಚುವವರು, ಕೇಬಲ್ ಆಪರೇಟರ್, ಜಾಹೀರಾತು ಕೊಡುವ ಅಂಗಡಿಯವರು ಇದ್ದಾರಲ್ಲ, ಅವರೊಬ್ಬೊಬ್ಬರಿಗೂ ಗೊತ್ತಿರುವುದು ಬೇರೆ. ಜಾಹೀರಾತು ದರ ಯಾರು ಯಾವಾಗ ಏರಿಸಿದರು ಎನ್ನುವುದು ಬಟ್ಟೆ ಅಂಗಡಿಯವರಿಗೆ ಗೊತ್ತಿರುವಷ್ಟು ಯಾವ ಪ್ರಾಧ್ಯಾಪಕರಿಗೂ ಗೊತ್ತಿರದು.

ಹೆಸರು, ಇಮೇಲ್ ಎಲ್ಲರಿಗೂ ಕಾಣುತ್ತದೆಯೇ? – ಓದುಗರು, ಹಾಸನ

ಕಾಣಬಹುದು. ಬಂದ ಅಭಿಪ್ರಾಯಗಳನ್ನು ಟ್ರಾಯ್ ತನ್ನ ಜಾಲತಾಣದಲ್ಲಿ ಹಾಕುತ್ತದೆ. 2015ರಲ್ಲಿ ಮೇಲೆ ಹೇಳಿದ ಹತ್ತು ಲಕ್ಷ ಇಮೇಲ್‌ಗಳನ್ನು ಕಳಿಸಿದವರ ವಿಳಾಸ ಸಮೇತ ಪ್ರಕಟಿಸಿ ದೊಡ್ಡ ರಗಳೆಯಾಗಿತ್ತು. ಈ ಕೆಲಸಕ್ಕೆಂದೇ ಒಂದು ಇಮೇಲ್ ಮಾಡಿಕೊಳ್ಳಿ. ಫೋನ್ ಸಂಖ್ಯೆ, ಮನೆ ವಿಳಾಸವನ್ನು ಪಿಡಿಎಫ್ ಒಳಗೆ ಹಾಕಬೇಡಿ. ಸ್ಥಳೀಯ ಕೇಬಲ್ ಮಾಲೀಕರ ವಿರುದ್ಧ ಬರೆಯುತ್ತಿದ್ದೀರಿ, ಅವರೇ ನಿಮ್ಮ ಬೀದಿಗೆ ಲೈನ್ ಕೊಡುವವರು ಎಂದಾದರೆ ನೋಂದಾಯಿತ ಗ್ರಾಹಕ ಸಂಘಟನೆಯ ಮೂಲಕ ಕಳಿಸಿ. ಟ್ರಾಯ್ ಬಳಿ ನೋಂದಾಯಿಸಿಕೊಂಡ ಸಂಘಟನೆಗಳ ರಾಜ್ಯವಾರು ಪಟ್ಟಿ ಅದರ ಜಾಲತಾಣದಲ್ಲಿದೆ.

ಎಚ್‌ಎಚ್‌ಐ 1800, 1000 ಎಂದೆಲ್ಲ ಓದಿದೆ. ತಲೆಗೆ ಹತ್ತಲಿಲ್ಲ. – ಓದುಗರು, ದಾವಣಗೆರೆ

ಮಾರುಕಟ್ಟೆ ಎಷ್ಟು ಜನರ ಕೈಯಲ್ಲಿದೆ ಎಂದು ಅಳೆಯುವ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಅದು. ಹೆಸರು ದೊಡ್ಡದು, ಲೆಕ್ಕ ಪ್ರಾಥಮಿಕ ಶಾಲೆಯದು. ಮಾರುಕಟ್ಟೆಯಲ್ಲಿರುವ ಪ್ರತಿಯೊಬ್ಬರ ಶೇಕಡಾ ಪಾಲನ್ನು ಅದೇ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ನಾಲ್ಕು ವಾಹಿನಿ, ಪಾಲು 40, 30, 20, 10 ಎನ್ನಿ. 1600, 900, 400, 100, ಒಟ್ಟು 3000. ಒಬ್ಬರದೇ ರಾಜ್ಯವಾದರೆ 100 ಗುಣಿಸು 100, ಅಂದರೆ 10,000. ಮೊತ್ತ 1800 ದಾಟಿದರೆ ಮಾರುಕಟ್ಟೆ ಕೆಲವರ ಕೈಗೆ ಸೇರಿದೆ ಎಂದು ಹಿಡಿಯುವ ರೂಢಿ. ಇದು ಎಷ್ಟು ಬಿಗಿ ನೋಡಿ: ಐದು ಸಂಸ್ಥೆಗಳು ಸಮಸಮ ಹಂಚಿಕೊಂಡರೂ 2000 ಆಗುತ್ತದೆ. ಆರು ಸಮಪಾಲಾದರೆ ಮಾತ್ರ ಸುಮಾರು 1667ಕ್ಕೆ ಇಳಿಯುತ್ತದೆ.

2014ರ ಶಿಫಾರಸಿನ ತಿರುಳು ಇದು. ಒಂದೇ ಸಂಸ್ಥೆ ಸುದ್ದಿವಾಹಿನಿ ಮತ್ತು ದಿನಪತ್ರಿಕೆ ಎರಡೂ ಮಾರುಕಟ್ಟೆಯಲ್ಲಿ ಆ ಮೊತ್ತಕ್ಕೆ 1000ಕ್ಕಿಂತ ಹೆಚ್ಚು ಸೇರಿಸುತ್ತಿದ್ದರೆ ಎರಡರಲ್ಲಿ ಒಂದರ ಮೇಲಿನ ಹಿಡಿತ ಸಡಿಲಿಸಬೇಕು. 31ರ ವರ್ಗ 961, 32ರ ವರ್ಗ 1024. ಅಂದರೆ ಶೇ 31 ಪಾಲಿನವರು ಬಚಾವ್, ಶೇ 32ರವರು ಸಿಕ್ಕಿಬಿದ್ದರು. ಒಂದರಲ್ಲಿ ಶೇ 60 ಹಿಡಿದು ಇನ್ನೊಂದರಲ್ಲಿ ಏನೂ ಇಲ್ಲದವರನ್ನು ಈ ಸೂತ್ರ ಮುಟ್ಟುವುದೇ ಇಲ್ಲ. ಅದು ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಮಾತ್ರ.

ಹಿಡಿತ ಎಂದರೇನು ಎನ್ನುವುದಕ್ಕೂ ಅಲ್ಲಿ ಅಳತೆಗಳಿವೆ, ಅವುಗಳಲ್ಲಿ ಒಂದು ಶೇ 20 ಷೇರು. ಬಳಸುದಾರಿಯ ಪಾಲನ್ನು ಗುಣಿಸಿ ತೆಗೆಯಬೇಕು. ನನಗೆ ಒಂದು ಕಂಪನಿಯಲ್ಲಿ ಶೇ 30, ಆ ಕಂಪನಿಗೆ ವಾಹಿನಿಯಲ್ಲಿ ಶೇ 20 ಇದ್ದರೆ ವಾಹಿನಿಯಲ್ಲಿ ನನ್ನ ಪಾಲು ಶೇ 6. ನಡುವೆ ಇನ್ನೊಂದು ಕಂಪನಿ ಹೊಕ್ಕಿಸಿದರೆ ಪಾಲು ಮತ್ತೂ ಕರಗುತ್ತದೆ, ಹಿಡಿತ ಕರಗದಿರಬಹುದು. ಷೇರಿಗಿಂತ ಸಾಲ, ನಿರ್ದೇಶಕರ ನೇಮಕದ ಹಕ್ಕು ಇವುಗಳ ಮೇಲೆ ಕಣ್ಣಿಡಿ ಎಂದು ಬರೆಯಬಯಸುವವರಿಗೆ ಇದೇ ಜಾಗ.

ನಿಜವಾದ ಹಗ್ಗಜಗ್ಗಾಟ ಇರುವುದು ಈ ಅಂಕಿಗಳಲ್ಲಲ್ಲ, ಮಾರುಕಟ್ಟೆಯ ಎಲ್ಲೆಯಲ್ಲಿ. ಒಂದು ಸಂಸ್ಥೆಗೆ ಶೇ 40 ಪಾಲಿದ್ದರೆ 1600. ಎಲ್ಲೆಯನ್ನು ಎರಡರಷ್ಟು ಅಗಲ ಮಾಡಿ, ಸೇರಿಸಿದ ಭಾಗದಲ್ಲಿ ಆ ಸಂಸ್ಥೆ ಇಲ್ಲವೆಂದರೆ, ಪಾಲು ಶೇ 20, ಅಂಕ 400. ಪಾಲು ಅರ್ಧವಾದರೆ ಅಂಕ ಕಾಲಾಗುತ್ತದೆ. ಕಂಪನಿಗಳು ಮನರಂಜನೆಯನ್ನೂ ಸೇರಿಸಿ, ಮೊಬೈಲನ್ನೂ ಸೇರಿಸಿ, ಯೂಟ್ಯೂಬನ್ನೂ ಸೇರಿಸಿ ಎನ್ನುವುದು ಇದಕ್ಕೇ. ಅದರಲ್ಲಿ ಸತ್ಯವೂ ಇದೆ: 2014ರ ಸೂತ್ರ ಪತ್ರಿಕೆ ಮತ್ತು ಟಿವಿ ಎರಡನ್ನೇ ಲೆಕ್ಕಕ್ಕೆ ಹಿಡಿದಿತ್ತು, ಆಮೇಲೆ ಸುದ್ದಿ ಅಂಗೈಗೆ ಬಂತು. ಆದರೆ ನಿಮ್ಮೂರಿನ ನಗರಸಭೆಯ ನೀರಿನ ಟೆಂಡರ್ ಬಗ್ಗೆ ಯೂಟ್ಯೂಬಿನಲ್ಲಿ ಸುದ್ದಿ ಮಾಡುವವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿ ಅದೇ ಪತ್ರಿಕೆಯ ಸುದ್ದಿಯನ್ನೇ ಓದಿ ಹೇಳುತ್ತಾರೆ ಎಂದು ಎಣಿಸಿ ಕಳಿಸಿದರೆ ಆ ವಾದಕ್ಕೆ ಬೆಲೆ ಕಟ್ಟಲು ಸುಲಭ.

ನಮ್ಮಲ್ಲಿ ತುಳು ಲೋಕಲ್ ಚಾನೆಲ್‌ಗಳೇ ಹೆಚ್ಚು ನೋಡುವುದು. ಈ ನಿಯಮಗಳಲ್ಲಿ ಅವುಗಳ ಜಾಗ ಎಲ್ಲಿ? – ಓದುಗರು, ಪುತ್ತೂರು

ಒಳ್ಳೆಯ ಪ್ರಶ್ನೆ, ಯಾಕೆಂದರೆ ಅಲ್ಲಿ ತೂತಿದೆ. 2014ರ ಶಿಫಾರಸು ಮಾರುಕಟ್ಟೆಯನ್ನು ಭಾಷೆ ಮತ್ತು ಆ ಭಾಷಿಕರು ಹೆಚ್ಚಾಗಿರುವ ರಾಜ್ಯ ಎಂದು ಗೆರೆ ಎಳೆಯಿತು. ಕರ್ನಾಟಕ ಎಂದರೆ ಕನ್ನಡ. ಹಾಗಾದರೆ ಕರಾವಳಿಯ ತುಳು, ಕೊಂಕಣಿ, ಬೆಳಗಾವಿಯ ಮರಾಠಿ, ಬಳ್ಳಾರಿಯ ತೆಲುಗು, ಬೀದರಿನ ಉರ್ದು ಯಾವ ಲೆಕ್ಕದಲ್ಲೂ ಬೀಳುವುದಿಲ್ಲ. ರಾಜ್ಯದಲ್ಲಿ ಶೇ 3 ಇರುವ ಸಂಸ್ಥೆ ಒಂದು ತಾಲ್ಲೂಕಿನಲ್ಲಿ ಸರ್ವಸ್ವವೂ ಆಗಿರಬಹುದು.

ಲೋಕಲ್ ಚಾನೆಲ್‌ಗಳ ವಿಷಯಕ್ಕೆ ಬೇರೆ ಮಾರ್ಗಸೂಚಿಯೇ ಇದೆ. ಕೇಬಲ್ ಕಂಪನಿ ತಾನೇ ನಡೆಸುವ ಇಂಥ ಚಾನೆಲ್‌ಗೆ ಸರ್ಕಾರಿ ಕಡತದಲ್ಲಿ 'ಪ್ಲಾಟ್‌ಫಾರ್ಮ್ ಸರ್ವೀಸ್' ಎಂದು ಹೆಸರು. 2022ರ ನವೆಂಬರ್ 30ರ ಮಾರ್ಗಸೂಚಿಯ ಪ್ರಕಾರ ಎಂಎಸ್‌ಒ ಇಂಥ ಪ್ರತಿ ಚಾನೆಲ್‌ಗೆ ಒಮ್ಮೆ 1000 ರೂಪಾಯಿ ಕಟ್ಟಿ ನೋಂದಾಯಿಸಬೇಕು. ಒಟ್ಟು ಚಾನೆಲ್ ಸಾಮರ್ಥ್ಯದ ಶೇ 5ರೊಳಗೆ ಇರಬೇಕು, ಅದರ ಮೇಲೆ ಜಿಲ್ಲೆಗೆ ಎರಡು ಹೆಚ್ಚುವರಿ. ಸ್ಥಳೀಯ ಸುದ್ದಿ ಕೊಡುವುದಾದರೆ ಕಂಪನಿಯಾಗಿ ನೋಂದಣಿ ಆಗಿರಬೇಕು. ಪ್ರಸಾರವಾದದ್ದರ ದಾಖಲೆ 90 ದಿನ ಇಟ್ಟಿರಬೇಕು. ಪರದೆಯ ಮೇಲೆ ಇದು ಪ್ಲಾಟ್‌ಫಾರ್ಮ್ ಸರ್ವೀಸ್ ಎಂಬ ಗುರುತು ಕಾಣಬೇಕು. ಇವತ್ತು ಸಂಜೆಯೇ ನೋಡಿ, ಇದೆಯೋ ಇಲ್ಲವೋ. ಇಲ್ಲದಿದ್ದರೆ ಫೋಟೊ, ದಿನಾಂಕ, ವೇಳೆ ಬರೆದಿಟ್ಟುಕೊಳ್ಳಿ. ನಿಯಮ ಇದ್ದೂ ಜಾರಿಯಾಗಿಲ್ಲ ಎನ್ನುವುದಕ್ಕೆ ಅದೇ ಪುರಾವೆ.

ನಮ್ಮೂರಿನ ಪತ್ರಿಕೆಯ ನಿಜವಾದ ಮಾಲೀಕರು ಯಾರೆಂದು ಪತ್ತೆ ಹಚ್ಚುವುದು ಹೇಗೆ? ಬೇನಾಮಿ ಎನ್ನುತ್ತಾರೆ. – ಓದುಗರು, ತುಮಕೂರು

ಬೇನಾಮಿ ಎಂದು ಪತ್ರದಲ್ಲಿ ಬರೆಯಬೇಡಿ, ದಾಖಲೆಯಲ್ಲಿ ಇರುವುದನ್ನಷ್ಟೇ ಬರೆಯಿರಿ. ಮಾನನಷ್ಟದ ನೋಟಿಸ್ ಬಂದರೆ ಉತ್ತರಿಸುವವರು ನೀವೇ.

ಹಳೆಯ ಸಂಚಿಕೆಗಳಲ್ಲಿ ಒಂದು ನಿಧಿ ಇದೆ. 1956ರ ನಿಯಮದ ಪ್ರಕಾರ ಪ್ರತಿ ಪತ್ರಿಕೆಯೂ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಅಚ್ಚು ಹಾಕಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು, ವಿಳಾಸ ಎಲ್ಲ ಅದರಲ್ಲಿರುತ್ತಿತ್ತು. ಮಾರ್ಚ್ ಮೊದಲ ವಾರದ ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗಳ ನಡುವೆ, ಚಿಕ್ಕ ಅಕ್ಷರದಲ್ಲಿ. ಜಿಲ್ಲಾ ಗ್ರಂಥಾಲಯದಲ್ಲಿ ಹತ್ತು ವರ್ಷದ ಮಾರ್ಚ್ ಸಂಚಿಕೆ ತೆಗೆಸಿ ಸಾಲಾಗಿ ಬರೆದುಕೊಂಡರೆ ಮಾಲೀಕತ್ವ ಕೈ ಬದಲಾದ ವರ್ಷ ತಾನಾಗಿ ಕಾಣುತ್ತದೆ. 2024ರ ಮಾರ್ಚ್ 1ರಿಂದ 1867ರ ಕಾಯ್ದೆ ಹೋಗಿ ಹೊಸ ಪತ್ರಿಕಾ ನೋಂದಣಿ ಕಾಯ್ದೆ ಜಾರಿಗೆ ಬಂದಿದೆ, ನೋಂದಣಿಯೆಲ್ಲ ಆನ್‌ಲೈನ್ ಆಗಿದೆ.

ಮಾಲೀಕರು ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಅದರ ಸಾರ್ವಜನಿಕ ದಾಖಲೆ ನೋಡಬಹುದು. ವಾರ್ಷಿಕ ವಿವರದ ಎಂಜಿಟಿ-7 ನಮೂನೆ ಮತ್ತು ಅದರ ಷೇರುದಾರರ ಪಟ್ಟಿ ತೆಗೆಯಿರಿ. ಷೇರುದಾರರೂ ಕಂಪನಿಯೇ ಆದರೆ ಅದಕ್ಕೆ ಮತ್ತೆ 100. ಷೇರುಪೇಟೆಯಲ್ಲಿರುವ ಕಂಪನಿಯಾದರೆ ದುಡ್ಡೇ ಬೇಡ, ಮೂರು ತಿಂಗಳಿಗೊಮ್ಮೆ ಷೇರು ಹಂಚಿಕೆಯ ವಿವರ ಬಿಎಸ್‌ಇ, ಎನ್‌ಎಸ್‌ಇ ತಾಣದಲ್ಲಿ ಬರುತ್ತದೆ. ಟ್ರಸ್ಟ್ ಅಥವಾ ಪಾಲುದಾರಿಕೆ ಸಂಸ್ಥೆಯಾದರೆ ಹಾದಿ ಅಲ್ಲಿಗೇ ಮಸುಕಾಗುತ್ತದೆ. ಎಲ್ಲ ಬಗೆಯ ಮಾಲೀಕರೂ ಒಂದೇ ನಮೂನೆಯಲ್ಲಿ ವಿವರ ಕೊಡಬೇಕು ಎಂದು ಬರೆಯಲು ಇದೇ ಕಾರಣ ಸಾಕು.

ರಾಜಕೀಯ ಪಕ್ಷಗಳು ಚಾನೆಲ್ ನಡೆಸಬಹುದೇ? – ಓದುಗರು, ಚಿತ್ರದುರ್ಗ

ಎಫ್‌ಎಂ ಮತ್ತು ಸಮುದಾಯ ಬಾನುಲಿಗೆ ಪಕ್ಷಗಳು ಅರ್ಜಿ ಹಾಕುವಂತಿಲ್ಲ. ಟಿವಿಗೂ ಅಂಥ ತಡೆ ಬೇಕು, ಧಾರ್ಮಿಕ ಸಂಸ್ಥೆ, ಸರ್ಕಾರ, ಪಂಚಾಯಿತಿಗಳಿಗೂ ಚಾನೆಲ್ ಕೊಡುವುದು ಬೇಡ ಎಂದು ಟ್ರಾಯ್ 2008, 2012 ಮತ್ತು 2014ರಲ್ಲಿ ಮೂರು ಸಲ ಹೇಳಿತು. ಕಾನೂನಾಗಲಿಲ್ಲ. ಯಾಕೆ ಎನ್ನುವುದನ್ನು ಟಿವಿ ಹಾಕಿ ನೋಡಿದವರು ಊಹಿಸಿಕೊಳ್ಳಬಹುದು.

ಲಿಖಿತ ಅಭಿಪ್ರಾಯ ಪಡೆದ ಮೇಲೆ ಟ್ರಾಯ್ ಕರೆಯುವ ಮುಕ್ತ ಸಭೆಯಲ್ಲಿ ಮಾತಾಡಲು ಹೋಗಬೇಕೆಂದಿದ್ದೇನೆ. ಏನು ಎಚ್ಚರಿಕೆ? – ಓದುಗರು, ಹುಬ್ಬಳ್ಳಿ

ಮೊದಲೇ ಇಮೇಲ್ ಮೂಲಕ ಹೆಸರು ನೋಂದಾಯಿಸಿ. ಆನ್‌ಲೈನ್ ಆದರೆ ಕೊಂಡಿ ಆ ಇಮೇಲ್‌ಗೇ ಬರುತ್ತದೆ. ಸಿಗುವುದು ಎರಡು ಮೂರು ನಿಮಿಷ. ಲಿಖಿತವಾಗಿ ಕೊಟ್ಟದ್ದನ್ನು ಮತ್ತೆ ಓದಬೇಡಿ. ಕಂಪನಿಗಳು ಸಲ್ಲಿಸಿದ ಅಭಿಪ್ರಾಯ ಓದಿಕೊಂಡು ಅದರಲ್ಲಿನ ಒಂದು ಅಂಶಕ್ಕೆ ಉತ್ತರ ಕೊಡಿ. 'ಇಂಥವರು ಇಂಥ ಪ್ರಶ್ನೆಗೆ ಹೀಗೆ ಹೇಳಿದ್ದಾರೆ, ನಮ್ಮ ಜಿಲ್ಲೆಯಲ್ಲಿ ಹಾಗಿಲ್ಲ, ಲೆಕ್ಕ ಇಲ್ಲಿದೆ' ಎಂದರೆ ಮುಗಿಯಿತು. ಸುದ್ದಿವಾಹಿನಿಗಳ ಕಿರುಚಾಟ, ಜ್ಯೋತಿಷ್ಯ, ಟಿಆರ್‌ಪಿ ಎಂದು ಶುರು ಮಾಡಿದರೆ ಅದು ಈ ಸಭೆಯ ವಿಷಯವಲ್ಲ ಎಂದು ಮೈಕ್ ಮುಂದಕ್ಕೆ ಹೋಗುತ್ತದೆ. ಹೇಳಿದ್ದನ್ನು ಮರುದಿನವೇ ಬರೆದು ಇಮೇಲ್ ಮಾಡಿ.

ಅಮೆರಿಕದಲ್ಲಿದ್ದೇನೆ. ಇಲ್ಲಿನ ಸ್ಥಳೀಯ ರೇಡಿಯೊ, ಟಿವಿ ಮಾಲೀಕತ್ವದ ಚರ್ಚೆಯಲ್ಲಿ ಪೌರತ್ವ ಇಲ್ಲದವರೂ ಬರೆಯಬಹುದೇ? – ಓದುಗರು, ಸಿಯಾಟಲ್

ಬರೆಯಬಹುದು, ಪೌರತ್ವ ಕೇಳುವುದಿಲ್ಲ. ಅಲ್ಲಿನ ಸಂವಹನ ಆಯೋಗ ಎಫ್‌ಸಿಸಿ ನಾಲ್ಕು ವರ್ಷಕ್ಕೊಮ್ಮೆ ಈ ನಿಯಮಗಳನ್ನು ಪರಿಶೀಲಿಸಲೇಬೇಕೆಂದು ಕಾನೂನಿದೆ. ಕಾಮೆಂಟ್ ಹಾಕಲು ಡಾಕೆಟ್ ಸಂಖ್ಯೆ, ಅಂದರೆ ಆ ವಿಷಯದ ಕಡತದ ಸಂಖ್ಯೆ, ಬೇಕು. 2022ರ ಸರದಿಯ ಪರಿಶೀಲನೆಯದು 22-459. ಸಂಖ್ಯೆ ತಪ್ಪಿದರೆ ಕಾಮೆಂಟ್ ಬೇರೆಲ್ಲೋ ಹೋಗಿ ಬೀಳುತ್ತದೆ. ನಾಲ್ಕು ಸಾಲಿನದ್ದಾದರೆ 'ಎಕ್ಸ್‌ಪ್ರೆಸ್' ವಿಧಾನ, ಕಡತ ಲಗತ್ತಿಸುವುದಾದರೆ ಪೂರ್ಣ ಅರ್ಜಿ. ಹೆಸರು, ವಿಳಾಸ ಎರಡೂ ಬಹಿರಂಗ. ಅಲ್ಲಿನ ರೇಡಿಯೊ ನಿಯಮ ನಿಜಕ್ಕೂ ಊರಿನ ಲೆಕ್ಕದ್ದು: 45 ಅಥವಾ ಹೆಚ್ಚು ಕೇಂದ್ರಗಳಿರುವ ಪೇಟೆಯಲ್ಲಿ ಒಬ್ಬರಿಗೆ ಗರಿಷ್ಠ 8, ಅದರಲ್ಲಿ ಎಫ್‌ಎಂ ಅಥವಾ ಎಎಂ ಒಂದೇ ಬಗೆಯವು 5ಕ್ಕಿಂತ ಹೆಚ್ಚಿರಬಾರದು, ಪೇಟೆ ಚಿಕ್ಕದಾದಂತೆ ಮಿತಿಯೂ ಇಳಿಯುತ್ತದೆ.

ನಿಮ್ಮೂರೇ ಈ ಚರಿತ್ರೆಯ ಭಾಗ. 2003ರ ಜೂನ್ 2ರಂದು ಆಯೋಗ 3–2 ಮತಗಳಿಂದ ಮಿತಿಗಳನ್ನು ಸಡಿಲಿಸಿದಾಗ ಜನರ ವಿರೋಧ ಲಕ್ಷಗಟ್ಟಲೆ ಪತ್ರಗಳಾಗಿ ಬಂತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದರಲ್ಲಿ ಬಹುಪಾಲನ್ನು ವಾಪಸ್ ಕಳಿಸಿತು. ಮುಂದೆ ಆರು ಊರುಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು 2007ರ ನವೆಂಬರ್ 9ರಂದು ಸಿಯಾಟಲ್‌ನಲ್ಲಿ, ಸುಮಾರು ಒಂದು ವಾರದ ಮುನ್ಸೂಚನೆಯಲ್ಲಿ. ಅದೇ ಡಿಸೆಂಬರ್ 18ಕ್ಕೆ ಪತ್ರಿಕೆ-ಟಿವಿ ಜಂಟಿ ಮಾಲೀಕತ್ವದ ನಿಯಮ ಬದಲಾಯಿತು. 2011ರಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ಕಾರಣ ನಿಯಮ ಕೆಟ್ಟದ್ದು ಎಂದಲ್ಲ, ಜನರಿಗೆ ಸರಿಯಾದ ಮುನ್ಸೂಚನೆ, ಪ್ರತಿಕ್ರಿಯೆಗೆ ಸಾಕಷ್ಟು ಅವಕಾಶ ಕೊಡಲಿಲ್ಲ ಎಂದು. ಆದ್ದರಿಂದ ಪ್ರಕಟಣೆ ಬಂದ ದಿನ, ಸಭೆಯ ದಿನ, ಮತದ ದಿನ ಮೂರನ್ನೂ ಗುರುತು ಹಾಕಿಕೊಳ್ಳಿ. ಆದರೆ ಆ ಜಂಟಿ ಮಾಲೀಕತ್ವದ ತಡೆಯನ್ನು ಆಯೋಗ ಮುಂದೆ ತೆಗೆದೇಹಾಕಿತು. 2021ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆಯೋಗದ ಪರ ನಿಂತಿತು.

2022ರಲ್ಲಿ ಟ್ರಾಯ್‌ಗೆ ಬರೆದಿದ್ದೆ. ಏನೂ ಆಗಲಿಲ್ಲ. ಇನ್ನೇನು ಮಾಡಬಹುದು? – ಓದುಗರು, ಬಾಗಲಕೋಟೆ

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಂದ್ರದ ಆರ್‌ಟಿಐ ತಾಣದಲ್ಲಿ 10 ರೂಪಾಯಿ, 30 ದಿನದ ಗಡುವು, ಅರ್ಜಿ 500 ಪದದೊಳಗೆ ಇರಲಿ. (ರಾಜ್ಯದ ಕಚೇರಿಗಾದರೆ ಒಂದೇ ವಿಷಯ, 150 ಪದ, ಎರಡನ್ನೂ ಬೆರೆಸಿ ಅರ್ಜಿ ತಿರಸ್ಕೃತವಾಗುವುದುಂಟು.) 'ಏಕೆ ಜಾರಿ ಮಾಡಲಿಲ್ಲ' ಎಂದು ಕೇಳಬೇಡಿ. 'ಏಕೆ'ಗೆ ಉತ್ತರ ಮಾಹಿತಿ ಅಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. '2014ರ ಆಗಸ್ಟ್ 12ರ ಟ್ರಾಯ್ ಶಿಫಾರಸಿನ ಮೇಲೆ ಸಚಿವಾಲಯದ ಕಡತದ ಟಿಪ್ಪಣಿ ಹಾಳೆಗಳ ನಕಲು' ಎಂದು ಕೇಳಿ. ಅರ್ಜಿ ಟ್ರಾಯ್‌ಗಲ್ಲ, ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಸಂಪುಟದ ಕಾಗದ ಎಂದು ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಸಂಸತ್ತಿನ ಸ್ಥಾಯಿ ಸಮಿತಿ ಅಭಿಪ್ರಾಯ ಕರೆದರೆ ಅಲ್ಲಿಗೂ ಕಳಿಸಿ, ಆದರೆ ಟ್ರಾಯ್ ರೂಢಿ ಅಲ್ಲಿ ನಡೆಯದು. ಸಮಿತಿಗೆ ಕೊಟ್ಟ ಮನವಿ ಗೋಪ್ಯ ದಾಖಲೆ. ಅದನ್ನು ಫೇಸ್‌ಬುಕ್‌ನಲ್ಲಿ ಹಾಕಿದರೆ ಹಕ್ಕುಚ್ಯುತಿಯ ತಂಟೆ.

ಕರಡು ಮಸೂದೆ ಬಂದರೆ ಆ ದಿನವೇ ಪಿಡಿಎಫ್ ಇಳಿಸಿ ದಿನಾಂಕ ಸಮೇತ ಇಟ್ಟುಕೊಳ್ಳಿ. ಪ್ರಸಾರ ಸೇವೆಗಳ ಮಸೂದೆಯ ಕರಡು 2023ರ ನವೆಂಬರ್ 10ರಂದು ಎಲ್ಲರಿಗೂ ಸಿಕ್ಕಿತು. 2024ರ ಜುಲೈಯ ತಿದ್ದಿದ ಕರಡು ಮಾತ್ರ ಆಯ್ದ ಕೆಲವರಿಗಷ್ಟೇ, ಪ್ರತಿಯೊಂದರ ಮೇಲೂ ಗುರುತಿನ ಮುದ್ರೆ ಹಾಕಿ, ಹೋಯಿತು. ಗಲಾಟೆಯಾದ ಮೇಲೆ ಆ ಪ್ರತಿಗಳನ್ನು ವಾಪಸ್ ಕೇಳಿದರು, ಅಭಿಪ್ರಾಯಕ್ಕೆ ಅಕ್ಟೋಬರ್ 15ರವರೆಗೆ ಸಮಯ ಕೊಟ್ಟರು. ಆ ಸಮಯ ಯಾವ ಕರಡಿನ ಮೇಲೆ ಅಭಿಪ್ರಾಯ ಕೊಡಲು ಎಂದು ಜನ ತಲೆ ಕೆರೆದುಕೊಂಡರು. ನಿಮ್ಮ ಪತ್ರದ ಮೊದಲ ಸಾಲಿನಲ್ಲೇ 'ಇಂಥ ದಿನಾಂಕದ ಕರಡಿನ ಇಂಥ ಕಲಮಿಗೆ' ಎಂದು ಬರೆಯಿರಿ. 2022ರ ನಿಮ್ಮ ಪತ್ರದ ಪ್ರತಿಯನ್ನೂ ಅದರ ಹಿಂದೆ ಲಗತ್ತಿಸಿ.